ಕೆಂಪಿಗೆ ಒಂದು ಗಂಟು

ಗುಂಡಿಯಮ್ಮನಿಗೆ ಆ ಹೆಸರು ಬಂದದ್ದು ಅವಳ ತಗಡಿನ ಡಬ್ಬಿಯಿಂದ. ಒಂದು ಕಾಲದಲ್ಲಿ ಬಿಸ್ಕತ್ತು ತುಂಬಿಕೊಂಡು ಬಂದ ಡಬ್ಬಿ. ಬಿಸ್ಕತ್ತು ಮುಗಿದು ನಲವತ್ತು ವರ್ಷವಾಗಿತ್ತು. ಈಗ ಒಳಗಿದ್ದದ್ದೆಲ್ಲ ಗುಂಡಿಗಳು: ಎರಡು ಕಣ್ಣಿನವು, ನಾಲ್ಕು ಕಣ್ಣಿನವು, ಬೆನ್ನಿಗೆ ಕೊಂಡಿ ಇರುವ ಕೋಟಿನವು. ಬೀದಿಯಲ್ಲಿ ಯಾರ ಅಂಗಿಯ ಗುಂಡಿ ಉದುರಿದರೂ ಅವಳ ಬಾಗಿಲಿಗೆ ಬರಬೇಕು. ಅವಳ ಕಣ್ಣು ಬಂದವರ ಮುಖದ ಮೇಲೆ, ಬೆರಳು ಡಬ್ಬಿಯೊಳಗೆ. ಮಕ್ಕಳು ಹೇಗಿದ್ದಾರೆ, ಮಂಡಿನೋವು ಹೇಗಿದೆ ಎಂದು ಕೇಳಿ ಮುಗಿಸುವಷ್ಟರಲ್ಲಿ ಸರಿಯಾದ ಅಳತೆಯ ಗುಂಡಿ ಮೇಲೆ ಬಂದಿರುತ್ತಿತ್ತು.

ಅವಳ ಕಸುಬು ಶಾಲೆಯ ಮಕ್ಕಳ ಅಂಗಿ ಹೊಲಿಯುವುದು. ಗಂಡನದು ವೈರಿಂಗ್ ಕೆಲಸ. ಎರಡು ಬೇರೆ ಬೇರೆ ಕಸುಬಾದರೂ ಇಬ್ಬರೂ ಒಟ್ಟಿಗೇ ಹೋಗುತ್ತಿದ್ದರು. ಅವರು ಹೆಗಲಿಗೆ ಏಣಿ ಹಾಕಿಕೊಂಡು ಮುಂದೆ, ಇವಳು ಬುಟ್ಟಿ ಹಿಡಿದುಕೊಂಡು ಹಿಂದೆ. ಯಾರದೋ ಹೊಸ ಮನೆಯಲ್ಲಿ ಅವರು ಗೋಡೆಯೊಳಗೆ ವೈರು ಎಳೆಯುತ್ತಿದ್ದರೆ ಇವಳು ಸಿಮೆಂಟಿನ ಚೀಲದ ಮೇಲೆ ಹಳೆಯ ಟವೆಲ್ ಹಾಸಿಕೊಂಡು ಕೂತು ಕಾಜಾ ಹೊಲಿಯುತ್ತಿದ್ದಳು. ಹಾಗಾಗಿ ಅವರಿಗೆ ಜೋಡಿ ವೈರ್‌ಮನ್ ಎಂದೇ ಹೆಸರಾಯಿತು. ಹೆಂಡತಿಯನ್ನು ಬಿಟ್ಟು ಒಂದು ಬಲ್ಬು ಹಾಕಲಾರ ಎಂದು ಗಾರೆಯವರು, ಬಡಗಿಗಳು, ಬಣ್ಣದವರು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅವರು ನಕ್ಕು ಸುಮ್ಮನಾಗುತ್ತಿದ್ದರು. ಹೆಂಡತಿಯ ಗುಲಾಮ ಎನ್ನಿಸಿಕೊಳ್ಳುವುದು ಅವರಿಗೆ ಹಿತವಾಗಿಯೇ ಇತ್ತು. ಯಾಕೆಂದರೆ ಅದರ ಹಿಂದೆ ಇನ್ನೊಂದು ಮಾತು ಬಚ್ಚಿಟ್ಟುಕೊಂಡಿತ್ತು, ಆ ಮಾತು ಗೊತ್ತಿದ್ದವರು ಇಬ್ಬರೇ.

ಗುಂಡಿಯಮ್ಮನಿಗೆ ಅದು ಗೊತ್ತಾದದ್ದು ಮದುವೆಯಾದ ಮೂರನೇ ತಿಂಗಳಲ್ಲಿ. ಕೆಂಪು ದಾರದ ಉಂಡೆ ತನ್ನಿ ಎಂದು ಕಳಿಸಿದಳು, ಕಪ್ಪು ತಂದರು. ಅಂಗಡಿಯವನು ಅವಸರದಲ್ಲಿ ಕೊಟ್ಟಿರಬೇಕು ಎಂದರು. ಎರಡನೇ ಸಲ ಕಂದು ಬಣ್ಣದ್ದು ಬಂತು. ಮೂರನೇ ಸಲ ಮತ್ತೆ ಕಪ್ಪು ಬಂದಾಗ ಅವಳು ತನ್ನ ದಾರದ ಉಂಡೆಗಳನ್ನೆಲ್ಲ ಚಾಪೆಯ ಮೇಲೆ ಸುರಿದು, ಕೆಂಪಿನವನ್ನೆಲ್ಲ ಒಂದು ಕಡೆ ಇಡಿ ನೋಡೋಣ ಎಂದಳು. ಅವರು ಬಹಳ ಹೊತ್ತು ಕೂತಿದ್ದು ಐದು ಉಂಡೆ ಬೇರೆ ಇಟ್ಟರು. ಅದರಲ್ಲಿ ಎರಡು ಕಪ್ಪು, ಒಂದು ಕಂದು. ಅವರಿಗೆ ಕೆಂಪು ಎಂಬ ಬಣ್ಣವೇ ಕಾಣುತ್ತಿರಲಿಲ್ಲ. ಅದು ಇರುವ ಜಾಗದಲ್ಲಿ ಬರೀ ಕತ್ತಲು ಕಾಣುತ್ತಿತ್ತು. ಹುಟ್ಟಿನಿಂದಲೇ ಹಾಗೆ. ವೈರಿಂಗ್ ಕಲಿಸಿದ ಮೇಸ್ತ್ರಿಗೂ ಹೇಳಿರಲಿಲ್ಲ. ವೈರು ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂದು ಬೆರಳಲ್ಲಿ ಹಿಡಿದುಕೊಂಡೇ ಹೋಗಿ, ತಲೆಯಲ್ಲಿ ನೆನಪಿಟ್ಟುಕೊಂಡು, ಹೇಗೋ ದಾಟಿಸಿಕೊಂಡು ಬಂದಿದ್ದರು.

ಅವತ್ತು ಅವರು ಕೆಲಸ ಬಿಟ್ಟುಬಿಡುತ್ತೇನೆ ಎಂದು ಗೋಡೆಯ ಕಡೆ ಮುಖ ಮಾಡಿ ಕೂತರು. ಗುಂಡಿಯಮ್ಮ ಒಂದು ತುಂಡು ಕೆಂಪು ವೈರು ತೆಗೆದುಕೊಂಡಳು. ಕೆಂಪು ದಾರವನ್ನು ಎರಡು ಸುತ್ತು ಸುತ್ತಿ, ಒಳಗಿಂದ ತೂರಿಸಿ, ಎಳೆದು ಬಿಗಿದು, ಸಾಸಿವೆ ಕಾಳಿನಷ್ಟು ಗಂಟು ಹಾಕಿದಳು. ವೈರಿನ ಬಣ್ಣದ್ದೇ ದಾರವಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಕೆಂಪಿಗೆ ಒಂದು ಗಂಟು, ಕಪ್ಪಿಗೆ ಏನೂ ಇಲ್ಲ. ಅಷ್ಟೇ ಲೆಕ್ಕ. ಆಮೇಲೆ ಮೂವತ್ತನಾಲ್ಕು ವರ್ಷ ಆ ಲೆಕ್ಕದಲ್ಲೇ ಊರಿನ ಅರ್ಧ ಮನೆಗಳಿಗೆ ಬೆಳಕು ಬಂತು.

ಇದಕ್ಕೆ ಇನ್ನೆರಡು ಕಟ್ಟುಪಾಡು ಇದ್ದವು. ಅಂಗಿ ಹೊಲಿದು ಮುಗಿದ ಮೇಲೆ ಅವಳು ಅದನ್ನು ಒಳಮಗ್ಗುಲು ತಿರುಗಿಸಿ ಒಮ್ಮೆ ನೋಡದೆ ಯಾರಿಗೂ ಕೊಡುತ್ತಿರಲಿಲ್ಲ. ಹಾಗೆಯೇ ಅವರ ಕೆಲಸವನ್ನೂ ಕೊನೆಗೊಮ್ಮೆ ಅವಳು ಕಣ್ಣಾಡಿಸಿ ನೋಡದೆ ಅವರು ಫ್ಯೂಸ್ ಹಾಕುತ್ತಿರಲಿಲ್ಲ. ಏನಾದರೂ ತಪ್ಪು ಕಂಡರೆ ಬಾಯಿಬಿಟ್ಟು ಹೇಳುವಂತಿಲ್ಲವಲ್ಲ, ಆಗ ಅವಳು ಕೇಳುತ್ತಿದ್ದದ್ದು ಒಂದೇ ಮಾತು: "ನೀರು ಬೇಕೇನ್ರೀ?" ಮೂವತ್ತನಾಲ್ಕು ವರ್ಷದಲ್ಲಿ ಹಾಗೆ ಕೇಳಿದ್ದು ಹನ್ನೊಂದು ಸಲ. ಅವಳಿಗೆ ಒಂದೊಂದೂ ನೆನಪಿತ್ತು.

ಗುಂಡಿಯಮ್ಮನಿಗೆ ಒಬ್ಬಳೇ ತಂಗಿ. ಅವಳೂ ಹೊಲಿಗೆಯವಳೇ. ಇಬ್ಬರಿಗೂ ಕಲಿಸಿದ್ದು ಅಮ್ಮ. ಹೊಲಿಗೆ ಸ್ವಲ್ಪ ಸೊಟ್ಟಗಾದರೆ ಅಮ್ಮ ಸುಮ್ಮನಿರುತ್ತಿದ್ದಳು, ದಾರದ ತುದಿ ಹೊರಗೆ ನೇತಾಡಿದರೆ ಮಾತ್ರ ಅಳತೆಕೋಲು ಬೆರಳ ಗೆಣ್ಣಿಗೆ ಬೀಳುತ್ತಿತ್ತು. ಅಕ್ಕ ಮದುವೆಯಾದ ಮೇಲೆ ಆ ಭಯ ಬಿಟ್ಟಳು, ಬಿಡಲೇಬೇಕಾಯಿತು. ತಂಗಿಗೆ ಮಾತ್ರ ಅದು ರಕ್ತಕ್ಕೇ ಇಳಿದಿತ್ತು. ಪುಟ್ಟ ಕತ್ತರಿಯೊಂದು ಸದಾ ಅವಳ ಕೊರಳಲ್ಲಿ ದಾರಕ್ಕೆ ನೇತಾಡುತ್ತಿತ್ತು. ಬಸ್ಸಿನಲ್ಲಿ ಮುಂದೆ ಕೂತವರ ಕಾಲರಿನಲ್ಲಿ ದಾರ ಎದ್ದಿದ್ದರೆ ಅವರಿಗೂ ಗೊತ್ತಾಗದ ಹಾಗೆ ಕತ್ತರಿಸಿ, ಏನೂ ಆಗಿಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಿದ್ದಳು.

ತಂಗಿಯ ಗಂಡ ಬಸ್ ಡ್ರೈವರ್. ಊರವರು ಅವನನ್ನು ಹಾರನ್ ಎನ್ನುತ್ತಿದ್ದರು, ಬಸ್ಸಿನದಕ್ಕಿಂತ ಅವನ ಗಂಟಲು ಜೋರು. ಅವನೂ ಗುಂಡಿಯಮ್ಮನ ಗಂಡನೂ ಷಡ್ಡಕರು, ಒಂದೇ ವಾರಿಗೆಯವರು. ಸೇರಿದಾಗಲೆಲ್ಲ ಒಬ್ಬರ ಕಾಲು ಇನ್ನೊಬ್ಬರು ಎಳೆಯದೆ ತುತ್ತು ಇಳಿಯುತ್ತಿರಲಿಲ್ಲ. ಮೂವತ್ತು ವರ್ಷ ಅವನು ಓಡಿಸಿದ್ದು ಒಂದೇ ಬಸ್ಸು. ಕಡುಗೆಂಪು ಬಣ್ಣದ್ದು. ಅದಕ್ಕೆ ಕೆಂಪಿ ಎಂದು ಹೆಸರಿಟ್ಟು, ತೊಳೆದು, ಒರೆಸಿ, ಮಗಳಂತೆ ನೋಡಿಕೊಂಡಿದ್ದ. ನಿವೃತ್ತಿಯ ದಿನ ಕೆಂಪಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಅವನ ಮನೆಯ ಗೋಡೆಯಲ್ಲಿತ್ತು.

ಮನೆಯಲ್ಲಿ ಕೂತು ಎರಡೇ ತಿಂಗಳಿಗೆ ಅವನಿಗೆ ಕೈಕಾಲು ಕಟ್ಟಿದಂತಾಯಿತು. ಯಾರೋ ಮಾರಾಟಕ್ಕಿಟ್ಟಿದ್ದ ಹಳೆಯ ಗಾಲಿಮನೆಯೊಂದನ್ನು ಕೊಂಡುಕೊಂಡು ಬಂದ. ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ ಅದು. ಒಳಗೆ ಒಂದು ಮಂಚ, ಒಂದು ಒಲೆ, ಮಡಚಿಡುವ ಮೇಜು, ಇಬ್ಬರು ಎದುರಾದರೆ ಒಬ್ಬರು ಮಂಚ ಹತ್ತಬೇಕಾದಷ್ಟು ಜಾಗ. ಇನ್ನು ಮೇಲೆ ಸ್ಟಾಪಿಲ್ಲದ ಕಡೆಯೂ ನಿಲ್ಲಿಸುತ್ತೇನೆ, ಗಂಟೆ ಹೊಡೆಯುವವರು ಯಾರೂ ಇಲ್ಲ ಎಂದು ಕುಣಿದಾಡಿದ. ತಂಗಿ ಒಂದೇ ಮಾತು ಹೇಳಿದಳು. ಹೊಲಿಗೆ ಮಿಷನ್ ಓಡದ ಮನೆಗೆ ತಾನು ಕಾಲಿಡುವುದಿಲ್ಲ ಎಂದಳು. ಅವಳ ಮಿಷನ್ ಕರೆಂಟಿನದು. ಗಾಲಿಮನೆಯಲ್ಲಿ ಇದ್ದದ್ದು ಬ್ಯಾಟರಿ, ಅದರಿಂದ ಎರಡು ಸಣ್ಣ ದೀಪ ಬಿಟ್ಟರೆ ಏನೂ ಉರಿಯುತ್ತಿರಲಿಲ್ಲ. ಯಾರದಾದರೂ ಮನೆಯ ಮುಂದೆ ನಿಲ್ಲಿಸಿ ಅವರ ಪ್ಲಗ್ಗಿನಿಂದ ವೈರು ಎಳೆದುಕೊಂಡರೆ ಮಾತ್ರ ಒಳಗಿನ ಪ್ಲಗ್ಗುಗಳಿಗೆ ಕರೆಂಟು.

ಹಾಗಾಗಿ ಡ್ರೈವರ್ ಒಂದು ಇನ್ವರ್ಟರ್ ತಂದ, ಎರಡು ದೊಡ್ಡ ಬ್ಯಾಟರಿ ತಂದ, ಷಡ್ಡಕನಿಗೆ ಫೋನು ಮಾಡಿದ. ಶನಿವಾರ ಕೆಲಸ, ಭಾನುವಾರ ಬೆಳಿಗ್ಗೆ ಹೊರಡುವುದು, ಆಗಲೇ ಎಲ್ಲರಿಗೂ ಹೇಳಿಯಾಗಿದೆ ಎಂದ.

ಶನಿವಾರ ಬೆಳಿಗ್ಗೆ ಜೋಡಿ ಹೋಗಿ ಇಳಿಯಿತು. ಗುಂಡಿಯಮ್ಮನ ಬುಟ್ಟಿಯಲ್ಲಿ ಆರು ಅಂಗಿ ಇದ್ದವು, ಮಧ್ಯಾಹ್ನದೊಳಗೆ ಶಾಲೆಗೆ ಮುಟ್ಟಿಸಬೇಕಾದವು.

ಮೊದಲಿಗೇ ಒಂದು ಅಪಶಕುನ ಕಾದಿತ್ತು. ಗಂಡ ಮುಂಚಿನ ದಿನವೇ ಸಾಮಾನಿನ ಪೆಟ್ಟಿಗೆ ಕಳಿಸಿದ್ದರು. ಬ್ಯಾಟರಿಯಲ್ಲಿ ಎಷ್ಟಿದೆ ನೋಡೋಣ ಎಂದು ಡ್ರೈವರ್ ಅದರೊಳಗಿನ ಮೀಟರನ್ನು ತೆಗೆದು, ಜೀಪಿನ ಬಾನೆಟ್ ಮೇಲಿಟ್ಟು, ಬಾನೆಟ್ ಎತ್ತಿಬಿಟ್ಟಿದ್ದ. ಮೀಟರು ಕೆಳಗೆ ಬಿದ್ದು ಮುಖ ಸೀಳಿತ್ತು. ಯಾವ ವೈರು ಯಾವುದು ಎಂದು ಕಣ್ಣಿಲ್ಲದೆ ತಿಳಿಸಬಲ್ಲ ಸಾಮಾನು ಅದೊಂದೇ. ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಪೆಟ್ಟಿಗೆಗೆ ಹಾಕಿದರು. ಗುಂಡಿಯಮ್ಮ ಅವರ ಮುಖ ನೋಡಿದಳು. ಅವರು ಏನೂ ಇಲ್ಲ ಎಂಬಂತೆ ತಲೆಯಾಡಿಸಿದರು. ಇವತ್ತು ಎಲ್ಲ ಗಂಟಿನ ಮೇಲೆಯೇ ನಡೆಯಬೇಕಾಗಿತ್ತು.

ಕೆಲಸ ಶುರುವಾಯಿತು. ಬ್ಯಾಟರಿಗಳು ಗಾಲಿಮನೆಯ ಮೂಗಿನ ಹತ್ತಿರ, ಹೊರಗಿನ ಪೆಟ್ಟಿಗೆಯಲ್ಲಿ. ಇನ್ವರ್ಟರ್ ಒಳಗೆ, ಮಂಚದ ಕೆಳಗೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಾರದಾ ಎಂದು ಡ್ರೈವರ್ ಕೇಳಿದ. ಬ್ಯಾಟರಿ ಆವಿ ಬಿಡುತ್ತದೆ, ಇನ್ವರ್ಟರ್ ಕಿಡಿ ಬಿಡಬಹುದು, ಎರಡಕ್ಕೂ ಒಂದೇ ಕೋಣೆ ಬೇಡ ಎಂದು ಇವರು ಹೇಳಿದರು. ವೈರು ಹೆಬ್ಬೆರಳಿನಷ್ಟು ದಪ್ಪ ಯಾಕೆ ಎಂದು ಕೇಳಿದ. ಮಿಷನ್ನಿಗೆ ಹೋಗುವುದು ತೆಳ್ಳಗಿನ ಕರೆಂಟು, ಬ್ಯಾಟರಿಯಿಂದ ಬರುವುದು ದಪ್ಪ ಕರೆಂಟು, ಸಣ್ಣ ವೈರು ಹಾಕಿದರೆ ಬಿಸಿಯಾಗಿ ಮಂಚಕ್ಕೇ ಬೆಂಕಿ ಎಂದರು. ಹೊರಗಿನ ಪ್ಲಗ್ಗಿನ ಕರೆಂಟು, ಇನ್ವರ್ಟರಿನ ಕರೆಂಟು ಎರಡೂ ಒಂದೇ ವೈರಿನಲ್ಲಿ ಎದುರುಬದುರಾಗದಂತೆ ಬಾಗಿಲ ಪಕ್ಕ ಒಂದು ತಿರುಗಿಸುವ ಸ್ವಿಚ್ಚು ಕೂರಿಸಿದರು. ಒಂದು ಕಡೆ ತಿರುಗಿಸಿದರೆ ಅದು, ಇನ್ನೊಂದು ಕಡೆ ಇದು, ನಡುವೆ ಏನೂ ಇಲ್ಲ.

ಆಮೇಲೆ ಬ್ಯಾಟರಿ ತುಂಬುವ ಚಾರ್ಜರಿನ ವೈರನ್ನು ಒಳಗಿನ ಪ್ಲಗ್ಗುಗಳ ಸಾಲಿನಿಂದ ಬಿಡಿಸಿ ಬೇರೆ ಮಾಡತೊಡಗಿದಾಗ ಡ್ರೈವರ್ ಅಡ್ಡ ಬಂದ. ಅವನಿಗೆ ದೊಡ್ಡದೊಂದು ಯೋಚನೆ ಹೊಳೆದಿತ್ತು.

"ಅದನ್ನ ಯಾಕೆ ಬಿಚ್ತೀಯಾ? ಬ್ಯಾಟರಿ ಇನ್ವರ್ಟರಿಗೆ ಕೊಡುತ್ತೆ, ಇನ್ವರ್ಟರ್ ಚಾರ್ಜರಿಗೆ ಕೊಡುತ್ತೆ, ಚಾರ್ಜರ್ ತಿರುಗಿ ಬ್ಯಾಟರಿಗೆ ತುಂಬುತ್ತೆ. ಸಾಯೋತನಕ ಕರೆಂಟು. ನಿಮ್ಮ ಕಸುಬಲ್ಲಿ ಇಷ್ಟು ವರ್ಷ ಯಾರಿಗೂ ಹೊಳೀಲಿಲ್ವಾ?"

"ಹೊಳೀತು. ನಿನ್ನ ಬಸ್ಸಲ್ಲಿ ಪ್ಯಾಸೆಂಜರ್‌ಗಳೆಲ್ಲ ಕಂಡಕ್ಟರ್ ಹತ್ರಾನೇ ಸಾಲ ತಗೊಂಡು ಟಿಕೆಟ್ ತಗೊಂಡ್ರೆ ಡಿಪೋ ಎಷ್ಟು ದಿನ ನಡೀತಿತ್ತು?"

ಡ್ರೈವರ್ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಟೀ ತರುತ್ತೇನೆ ಎಂದು ಹೋದ.

ದಪ್ಪ ವೈರುಗಳೆರಡನ್ನೂ ಅಳೆದು ಕತ್ತರಿಸಿ, ತುದಿಗಳಿಗೆ ತಾಮ್ರದ ಉಂಗುರ ಒತ್ತಿ, ನೆಲದ ತೂತಿನಿಂದ ಒಳಗೆ ತೂರಿಸಿದ್ದಾಯಿತು. ಯಾರೂ ನೋಡದ ಹೊತ್ತಿನಲ್ಲಿ ಗುಂಡಿಯಮ್ಮ ಕೆಂಪು ವೈರಿನ ಎರಡೂ ತುದಿಗೆ ಗಂಟು ಹಾಕಿದಳು. ಬ್ಯಾಟರಿಯ ಕಡೆಯದನ್ನು ಗಂಡ ಅವಳ ಎದುರೇ ಬಿಗಿದರು. ಕೆಂಪಿನ ದಾರಿಯಲ್ಲಿ ಫ್ಯೂಸಿನ ಮನೆ ಕೂರಿಸಿ, ಫ್ಯೂಸನ್ನು ಮಾತ್ರ ಜೇಬಿಗೆ ಹಾಕಿಕೊಂಡರು. ಅದು ಇಲ್ಲದಿರುವವರೆಗೆ ವೈರಿನಲ್ಲಿ ಜೀವವಿಲ್ಲ. ಇನ್ನು ಉಳಿದದ್ದು ಇನ್ವರ್ಟರಿನ ಕಡೆಯ ಎರಡು ತುದಿ. ಅಷ್ಟರಲ್ಲಿ ಅಂಗಿಗಳನ್ನು ಮುಟ್ಟಿಸುವ ಹೊತ್ತಾಯಿತು. ಒಂದು ಗಂಟೆಯಲ್ಲಿ ಬರುತ್ತೇನೆ ಎಂದು ಗುಂಡಿಯಮ್ಮ ಹೊರಟಳು. ಹೋಗುವಾಗ ಗಂಡನ ಜೇಬಿನ ಕಡೆ ಒಮ್ಮೆ ನೋಡಿದಳು. ಅವರು ಫ್ಯೂಸಿನ ಮೇಲೆ ಅಂಗೈ ಇಟ್ಟು ತೋರಿಸಿದರು.

ಅವಳು ಅತ್ತ ಹೋದಳು, ಗಂಡಸರಿಬ್ಬರೂ ಟೀ ಕುಡಿಯಲು ನೆರಳಿಗೆ ಕೂತರು. ಗಾಲಿಮನೆಯೊಳಗೆ ತಂಗಿ ಒಬ್ಬಳೇ ಮಂಚದ ಮೇಲೆ ಕೂತು ಕಿಟಕಿಯ ಪರದೆಗಳಿಗೆ ಅಂಚು ಹೊಲಿಯುತ್ತಿದ್ದಳು. ಕಾಲಿನ ಹತ್ತಿರ ನೆಲದಿಂದ ಎರಡು ವೈರು ಹಾವಿನ ಹಾಗೆ ತಲೆ ಎತ್ತಿಕೊಂಡಿದ್ದವು. ಕೆಂಪಿನ ಮೇಲೆ ಒಂದು ದಾರದ ತುದಿ ಎದ್ದು ನಿಂತಿತ್ತು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಅವಳಿಗೆ ಕಂಡಿತು. ಅಮ್ಮನ ಅಳತೆಕೋಲು ನೆನಪಾಯಿತೋ ಏನೋ, ಕೊರಳ ಕತ್ತರಿ ತಾನಾಗಿಯೇ ಕೈಗೆ ಬಂತು. ದಾರವನ್ನು ಬುಡಸಮೇತ ನಯವಾಗಿ ತೆಗೆದು ಬೆರಳಲ್ಲಿ ಉಂಡೆ ಮಾಡಿ ಎಸೆದಳು. ಇನ್ನೊಂದು ವೈರು, ಕಪ್ಪಿನದು, ಮತ್ತೆ ಮತ್ತೆ ವಾಲಿ ಬಂದು ಬಿಳಿಯ ಪರದೆಗೆ ಮಸಿ ಮಾಡುತ್ತಿತ್ತು. ಅದಕ್ಕೆ ಪರದೆಯ ದಪ್ಪ ದಾರವನ್ನು ಸುತ್ತಿ ಗಂಟು ಹಾಕಿ, ಮಂಚದ ಕಾಲಿಗೆ ಎಳೆದು ಕಟ್ಟಿದಳು. ಅವಳ ಮಟ್ಟಿಗೆ ಎರಡು ಒಳ್ಳೆಯ ಕೆಲಸವಾಗಿತ್ತು.

ಟೀ ಮುಗಿಸಿ ಬಂದ ವೈರ್‌ಮನ್ ಮಂಚದ ಕೆಳಗೆ ತಲೆ ತೂರಿಸಿ ಮಲಗಿದರು. ಅಲ್ಲಿ ಬೆಳಕು ಇರಲಿಲ್ಲ, ಇದ್ದಿದ್ದರೂ ಅವರಿಗೆ ಅಷ್ಟೇ. ಒಂದು ವೈರಿನ ಮೇಲೆ ಬೆರಳಾಡಿಸಿದರು, ನುಣ್ಣಗಿತ್ತು. ಇನ್ನೊಂದನ್ನು ಎಳೆದುಕೊಂಡರು, ಏನೋ ಪಟ್ಟನೆ ಕಿತ್ತು ಬಂತು, ಬೆರಳಿಗೆ ಗಂಟು ಸಿಕ್ಕಿತು. ಅದನ್ನೇ ಇನ್ವರ್ಟರಿನ ಪ್ಲಸ್ಸಿಗೆ ಕೂರಿಸಿ ನಟ್ಟು ಬಿಗಿದರು, ಇನ್ನೊಂದನ್ನು ಮೈನಸ್ಸಿಗೆ. ಎದ್ದು ಕೂತು ಕೈ ಒರೆಸಿಕೊಂಡರು. ಆಮೇಲೆ ಮತ್ತೆ ಬಗ್ಗಿ ಆ ಗಂಟನ್ನು ಮುಟ್ಟಿದರು.

ಗಂಟು ದಪ್ಪಗಿತ್ತು. ಅವಳದು ಸಾಸಿವೆ ಕಾಳಿನಷ್ಟು, ಇದು ಮೆಣಸಿನ ಕಾಳಿನಷ್ಟಿತ್ತು. ಅವಳು ಎರಡು ಸುತ್ತು ಸುತ್ತುತ್ತಿದ್ದಳು, ಇದು ಒಂದೇ ಸುತ್ತು. ಅಂಗಿಯ ಅವಸರದಲ್ಲಿ ಹೀಗೆ ಕಟ್ಟಿದಳೇನೋ ಎಂದುಕೊಂಡರು. ಮನಸ್ಸು ಒಪ್ಪಲಿಲ್ಲ. ಮನೆಗೆ ಬೆಂಕಿ ಬಿದ್ದರೂ ಅವಳು ಒಂದು ಸುತ್ತಿನ ಗಂಟು ಹಾಕುವವಳಲ್ಲ.

ಡ್ರೈವರ್ ಬಾಗಿಲಲ್ಲಿ ನಿಂತು, ಎಲ್ಲ ಮುಗಿಯಿತಲ್ಲ, ಫ್ಯೂಸ್ ಹಾಕು ಎಂದ. ಅವಳು ಬರಲಿ ಎಂದರು. ಫ್ಯೂಸ್ ಹಾಕುವುದಕ್ಕೂ ಅತ್ತಿಗೆಯ ಅಪ್ಪಣೆ ಬೇಕಾ ಎಂದು ಅವನು ಕೇಳಿದ. ಬೇಕು ಎಂದರು. ಅವನು ಹೊರಗೆ ಹೋಗಿ ಜೀಪಿನ ಗಾಜು ಒರೆಸಿ ಬಂದ. ಇನ್ನೂ ಆಗಿಲ್ಲವಾ ಎಂದ. ಉಸಿರನ್ನಾದರೂ ನೀನೇ ಆಡ್ತೀಯೋ ಅದಕ್ಕೂ ಅವರು ಬರಬೇಕೋ ಎಂದ. ತಂಗಿ ಹೊಲಿಗೆ ಬಿಟ್ಟು ನಕ್ಕಳು. ಕೊನೆಗೆ ಅವನು ಕೈ ಚಾಚಿ, ಕೊಡು ಇಲ್ಲಿ, ನಾನೇ ಹಾಕ್ತೀನಿ, ಬಸ್ಸಲ್ಲಿ ನೂರು ಫ್ಯೂಸ್ ಹಾಕಿದೀನಿ ಎಂದ. ವೈರ್‌ಮನ್ ಜೇಬಿನ ಮೇಲೆ ಅಂಗೈ ಇಟ್ಟುಕೊಂಡು ಕಲ್ಲಿನ ಹಾಗೆ ಕೂತರು. ತಲೆಕೆಳಗಾಗಿ ಜೋಡಿಸಿದ ಇನ್ವರ್ಟರಿಗೆ ಫ್ಯೂಸ್ ಹಾಕಿದರೆ ಅದು ಸಾಯಲು ಒಂದು ಕ್ಷಣ ಸಾಕು. ಅದರ ಜೊತೆಗೆ ಈ ಹಾರನ್ನಿನ ಬಾಯಿಗೆ ಮೂವತ್ತನಾಲ್ಕು ವರ್ಷದ ಗುಟ್ಟು ಸಿಕ್ಕರೆ ಸಂಜೆಯೊಳಗೆ ಕಂಟ್ರಾಕ್ಟರಿಗೆ ಮುಟ್ಟುತ್ತದೆ, ಸೋಮವಾರದಿಂದ ಅವರ ಏಣಿಗೆ ಕೆಲಸವಿರುವುದಿಲ್ಲ.

ಗುಂಡಿಯಮ್ಮ ಬೆವರು ಒರೆಸಿಕೊಳ್ಳುತ್ತ ಬಂದಳು. ಗಂಡನ ಕೈ ಜೇಬಿನ ಮೇಲೆ ಇರುವುದನ್ನು ಕಂಡು ಅವಳಿಗೆ ಒಂದು ಮಟ್ಟಿಗೆ ಸಮಾಧಾನವಾಯಿತು. ಬುಟ್ಟಿ ಕೆಳಗಿಟ್ಟು, ಸೂಜಿ ಬಿದ್ದಿದೆಯೇನೋ ನೋಡುತ್ತೇನೆ ಎಂದು ಮಂಚದ ಕೆಳಗೆ ಬಗ್ಗಿದಳು. ಪ್ಲಸ್ಸಿನಲ್ಲಿ ಕಪ್ಪು ವೈರು ಕೂತಿತ್ತು. ಅದರ ಕೊರಳಲ್ಲಿ ಪರದೆಯ ಬಿಳಿ ದಾರ. ಮೈನಸ್ಸಿನಲ್ಲಿ ಅವಳ ಕೆಂಪು, ಗಂಟಿಲ್ಲದೆ, ಹಜಾಮತಿ ಮಾಡಿಸಿಕೊಂಡ ಕೆನ್ನೆಯ ಹಾಗೆ ನುಣ್ಣಗೆ. ತಂಗಿಯ ಕೊರಳಲ್ಲಿ ಕತ್ತರಿ ತೂಗುತ್ತಿತ್ತು. ಗುಂಡಿಯಮ್ಮನಿಗೆ ಎಲ್ಲವೂ ಅರ್ಥವಾಯಿತು.

"ನೀರು ಬೇಕೇನ್ರೀ?"

ಹನ್ನೆರಡನೇ ಸಲ. ಅವರು ಸ್ಪ್ಯಾನರ್ ತೆಗೆದುಕೊಂಡು ಬಗ್ಗಿದರು. ನಟ್ಟು ಸ್ವಲ್ಪ ಸಡಿಲವಿದೆ ಎಂದು ಗುಂಡಿಯಮ್ಮ ತಂಗಿಗೆ ಹೇಳಿದಳು. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ತಂಗಿ ಮಂಚದಿಂದ ಇಳಿದು, ಪರದೆ ಹಿಡಿದುಕೊಂಡೇ ಬಗ್ಗಿ ನೋಡಿ, ಅಕ್ಕ, ಇನ್ವರ್ಟರಿನ ಮೇಲೆ ಅಲ್ಲಿ ಕೆಂಪು ಗುರುತಿದೆ, ಭಾವ ಅದಕ್ಕೆ ಕರೀದು ಹಾಕಿದಾರಲ್ಲ ಎಂದಳು. ಅವಳು ಅದನ್ನು ಕೆಟ್ಟದಾಗಿ ಹೇಳಲಿಲ್ಲ. ಅಂಗಿಗೆ ಬೇರೆ ಗುಂಡಿ ಬಿದ್ದಿದೆ ಎನ್ನುವ ಹಾಗೆ ಹೇಳಿದಳು.

ಬಾಗಿಲಲ್ಲಿದ್ದ ಡ್ರೈವರಿಗೆ ಅಷ್ಟು ಸಾಕಾಯಿತು.

"ಕೆಂಪು ಯಾವುದು ಕರಿ ಯಾವುದು ಗೊತ್ತಾಗಲ್ವೇನಪ್ಪಾ ನಿನಗೆ? ಇಷ್ಟು ವರ್ಷ ಹೆಂಗೆ ಜೀವನ ಮಾಡ್ದೆ?"

ಅವನು ಎಂದಿನಂತೆ ತಮಾಷೆಗೇ ಅಂದದ್ದು. ಅಂದಮೇಲೆ ಯಾರೂ ನಗಲಿಲ್ಲ. ಮಂಚದ ಕೆಳಗೆ ಸ್ಪ್ಯಾನರ್ ನಿಂತುಹೋಯಿತು. ಗುಂಡಿಯಮ್ಮ ತಕ್ಷಣ ಬಾಯಿ ಹಾಕಿದಳು.

"ತಪ್ಪು ನಂದು. ಹೋಗೋವಾಗ ನಾನೇ ಅವಸರದಲ್ಲಿ ಇವರಿಗೆ ಅದಲು ಬದಲು ಹೇಳ್ಬಿಟ್ಟೆ."

ಡ್ರೈವರಿಗೆ ಉಸಿರು ಬಂದಂತಾಯಿತು. ಹಂಗನ್ನಿ ಮತ್ತೆ, ಅಲ್ಲಾ ಅತ್ತಿಗೆ, ಸೂಜಿ ಹಿಡಿಯೋರು ಸೂಜಿ ಹಿಡಿಯಬೇಕು, ಕರೆಂಟಿಗೆ ಯಾಕೆ ಕೈ ಹಾಕೋದು, ಅವನ ತಲೆಯನ್ನೂ ನೀವೇ ಕೆಡಿಸ್ತಿರೋದು, ಇನ್ನು ಮೇಲೆ ಇವರನ್ನ ಮನೇಲಿ ಬಿಟ್ಟು ಬಾರಪ್ಪ ಎಂದು ಶುರುಮಾಡಿದ. ಗುಂಡಿಯಮ್ಮ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. ಮಂಚದ ಕೆಳಗಿನಿಂದ ಅವಳ ಗಂಡ ಹಿಂದಕ್ಕೆ ಸರಿದು ಹೊರಬಂದರು. ಕೂದಲಲ್ಲಿ ಧೂಳಿತ್ತು. ಮಂಡಿಯ ಮೇಲೆ ಕೂತೇ ಮಾತಾಡಿದರು.

"ಅವಳಿಗೆ ಏನೂ ಅನ್ಬೇಡ. ನನಗೆ ಕೆಂಪು ಕಾಣಲ್ಲ. ಹುಟ್ಟಿದಾಗಿಂದ ಕಾಣಲ್ಲ. ಅವಳು ದಾರ ಕಟ್ಟಿ ಕೊಡ್ತಾಳೆ, ನಾನು ಮುಟ್ಟಿ ನೋಡಿ ಹಾಕ್ತೀನಿ. ಅದಕ್ಕೇ ಎಲ್ಲಿಗೆ ಹೋದ್ರೂ ಕರ್ಕೊಂಡು ಹೋಗೋದು."

ತಂಗಿಯ ಕೈ ಕೊರಳ ಕತ್ತರಿಗೆ ಹೋಯಿತು. ಆ ದಾರವಾ, ಎಂದು ಮೆಲ್ಲಗೆ ಕೇಳಿ ಬಾಯಿ ಮುಚ್ಚಿಕೊಂಡಳು. ಗುಂಡಿಯಮ್ಮ ನೆಲ ನೋಡುತ್ತಿದ್ದಳು. ಡ್ರೈವರ್ ಬಾಗಿಲ ಮೆಟ್ಟಿಲ ಮೇಲೆ ಕೂತ. ಗಾಲಿಮನೆಯ ಗೋಡೆಗೆ ಹೊಸದಾಗಿ ಮೊಳೆ ಹೊಡೆದು ಹಾಕಿದ್ದ ಕೆಂಪಿಯ ಫೋಟೋದ ಕಡೆ ನೋಡಿದ.

"ಹಂಗಾದ್ರೆ ನನ್ನ ಕೆಂಪಿ? ಅದು ನಿನಗೆ ಹೆಂಗೆ ಕಾಣ್ತಿತ್ತು?"

"ನಿಜ ಹೇಳ್ಲಾ?"

"ಹೇಳು."

"ಕೆಸರಲ್ಲಿ ಹೊರಳಿ ಎದ್ದ ಎಮ್ಮೆ ಹಂಗೆ."

"ಮೂವತ್ತು ವರ್ಷ?"

"ಮೂವತ್ತು ವರ್ಷ. ನೀನು ಅದರ ಮುಂದೆ ನಿಂತು ಏನು ಬಣ್ಣ ನೋಡು ಏನು ಬಣ್ಣ ನೋಡು ಅಂತಿದ್ದೆ. ನಾನು ಹೂಂ ಅಂತಿದ್ದೆ."

ಮೊದಲು ತಂಗಿ ನಕ್ಕಳು, ಪರದೆಯನ್ನು ಬಾಯಿಗೆ ಒತ್ತಿಕೊಂಡು. ಆಮೇಲೆ ಗುಂಡಿಯಮ್ಮನಿಗೆ ತಡೆಯಲಾಗಲಿಲ್ಲ. ಡ್ರೈವರ್ ಮಾತ್ರ ನಗಲಿಲ್ಲ, ಅವನಿಗೆ ನಿಜವಾಗಿಯೇ ನೋವಾಗಿತ್ತು. ಎಮ್ಮೆ ಎಂದು ಎರಡು ಸಲ ತನಗೆ ತಾನೇ ಹೇಳಿಕೊಂಡು ಎದ್ದು ಹೊರಗೆ ಹೋದ.

ಉಳಿದ ಕೆಲಸ ಬೇಗ ಮುಗಿಯಿತು. ಗುಂಡಿಯಮ್ಮ ಕೆಂಪಿಗೆ ಹೊಸ ಗಂಟು ಹಾಕಿದಳು, ಈ ಸಲ ಬಚ್ಚಿಡದೆ. ಗಂಡ ಜೋಡಿಸಿದರು, ಅವಳು ನೋಡಿದಳು, ಅವರು ಹೋಗಿ ಫ್ಯೂಸ್ ಒತ್ತಿದರು. ಇನ್ವರ್ಟರಿನ ಮುಖದಲ್ಲಿ ಪುಟ್ಟ ದೀಪ ಹತ್ತಿತು. ತಂಗಿ ಮಿಷನ್ನಿನ ಪೆಡಲ್ ಮೇಲೆ ಕಾಲಿಟ್ಟಳು. ಪರದೆಯ ಕೊನೆಯ ಅಂಚು ಗಾಲಿಮನೆಯ ಕರೆಂಟಿನಲ್ಲೇ ಸರಸರನೆ ಓಡಿತು. ಆದರೂ ಗುಂಡಿಯಮ್ಮನಿಗೆ ನೆಮ್ಮದಿಯಾಗಲಿಲ್ಲ. ಹಾರನ್ನಿಗೆ ಗೊತ್ತಾದ ಮಾತು ಎಷ್ಟು ದೂರ ಕೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಕಳಿಸಿಕೊಡಲು ಬೀದಿಯವರೆಲ್ಲ ಬಂದು ನಿಂತರು. ಕಂಟ್ರಾಕ್ಟರೂ ಬಂದ. ವೈರ್‌ಮನ್ನಿಗೆ ವರ್ಷವಿಡೀ ಕೆಲಸ ಕೊಡುತ್ತಿದ್ದವನು ಅವನೇ. ಗಾಲಿಮನೆಯನ್ನು ಒಳಹೊಕ್ಕು ಸುತ್ತ ನೋಡಿ, ಮಂಚದ ಕೆಳಗೆ ಬಗ್ಗಿ, ಕೆಲಸ ಅಚ್ಚುಕಟ್ಟಾಗಿದೆ ಎಂದ. ಆಮೇಲೆ, ಇದೇನು ವೈರಿಗೆ ದಾರ ಕಟ್ಟಿದೆ ಎಂದು ಕೇಳಿದ. ಗುಂಡಿಯಮ್ಮ ಗಂಡನನ್ನು ನೋಡಲಿಲ್ಲ. ಗಂಡ ತಮ್ಮ ಚಪ್ಪಲಿಯನ್ನು ನೋಡಿಕೊಳ್ಳುತ್ತಿದ್ದರು. ಡ್ರೈವರ್ ಜೀಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಅವನು ಬಾಯಿ ತೆರೆಯುವುದನ್ನು ಅವಳು ಕಂಡಳು.

"ನಮ್ಮನೆಯವಳದು ಸಾರ್ ಅದು. ಹೊಲಿಗೆಯವಳನ್ನ ಕಟ್ಕೊಂಡ್ರೆ ಎಲ್ಲೆಲ್ಲೂ ದಾರ. ತಟ್ಟೇಲಿ ದಾರ, ಹಾಸಿಗೇಲಿ ದಾರ, ವೈರಲ್ಲೂ ದಾರ. ನಮ್ಮ ಷಡ್ಡಕ ಏನು ಮಾಡ್ತಾನೆ ಪಾಪ."

ಎಲ್ಲರೂ ನಕ್ಕರು. ತಂಗಿ ಹುಟ್ಟಿದಂದಿನಿಂದ ಒಂದು ದಾರ ಹೊರಗೆ ಬಿಟ್ಟವಳಲ್ಲ, ಅವಳಿಗೆ ಆ ಮಾತು ಕೆನ್ನೆಗೆ ಹೊಡೆದ ಹಾಗಿತ್ತು. ಆದರೂ ಹೌದು ಎಂದು ತಲೆಯಾಡಿಸಿ ಎಲ್ಲರೆದುರು ತಪ್ಪು ಒಪ್ಪಿಕೊಂಡಳು. ಗುಂಡಿಯಮ್ಮ ಅವಳ ಕೈ ಹಿಡಿದು ಒಮ್ಮೆ ಒತ್ತಿದಳು. ಜೀಪು ಹೊರಟಿತು, ಹಿಂದೆ ಗಾಲಿಮನೆ ತೂಗುತ್ತ ಹೋಯಿತು. ತಿರುವಿನಲ್ಲಿ ಹಾರನ್ ಮೂರು ಸಲ ಕೂಗಿತು.

ಹತ್ತು ದಿನದ ಮೇಲೆ ಫೋನು ಬಂತು. ಗಂಡ ಫೋನನ್ನು ಗುಂಡಿಯಮ್ಮನಿಗೂ ಕೇಳುವಂತೆ ಇಟ್ಟರು. ಎಮ್ಮೆ ಓಡಿಸುತ್ತಿದ್ದವನು ಮಾತಾಡುತ್ತಿದ್ದೇನೆ ಎಂದು ಡ್ರೈವರ್ ಶುರುಮಾಡಿದ. ಹಾಳು ರಸ್ತೆಯಲ್ಲಿ ಕುಲುಕಿ ಇನ್ವರ್ಟರಿನ ನಟ್ಟೊಂದು ಸಡಿಲವಾಗಿತ್ತಂತೆ, ಮಿಷನ್ ನಿಂತು ನಿಂತು ಓಡುತ್ತಿತ್ತಂತೆ. ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಂಡೇ ಕೆಳಗೆ ಬಗ್ಗಿದೆ ಎಂದು ಒತ್ತಿ ಹೇಳಿದ. ಬಗ್ಗಿದವನಿಗೆ, ನೀನು ಹೇಗೆ ಮಾಡುತ್ತೀಯೋ ನೋಡೋಣ ಅನ್ನಿಸಿ, ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಹುಡುಕಿದನಂತೆ.

"ಕಾಲು ಗಂಟೆ ಹುಡುಕಿದೆ ಕಣಪ್ಪ. ಸಿಗಲೇ ಇಲ್ಲ ಅತ್ತಿಗೆ ಗಂಟು. ಕೊನೆಗೆ ಕಣ್ಣು ಬಿಟ್ಟೇ ನೋಡ್ಬೇಕಾಯ್ತು. ನೀನು ಹೆಂಗೆ ಮಾಡ್ತೀಯಾ?"

ನಟ್ಟು ಬಿಗಿಯಾಯಿತಾ ಎಂದು ಗಂಡ ಕೇಳಿದರು. ಆಯಿತು ಎಂದ. ಗುಂಡಿಯಮ್ಮ ಫೋನಿನ ಹತ್ತಿರ ಬಗ್ಗಿ, ಕತ್ತರಿ ಎಲ್ಲಿದೆ ಎಂದಳು.

"ನನ್ನ ಜೇಬಲ್ಲಿದೆ ಅತ್ತಿಗೆ. ಅವಳಿಗೆ ಬೇಕಾದಾಗ ಕೇಳಿ ತಗೋಬೇಕು. ಏನು ಕತ್ತರಿಸ್ತಾಳೆ ನೋಡ್ಕೊಂಡೇ ಕೊಡ್ತೀನಿ."

ಹಿಂದಿನಿಂದ ತಂಗಿ ಏನೋ ಬೈಯುತ್ತಿದ್ದದ್ದು ಕೇಳಿಸಿತು, ಅದರ ಮೇಲೆ ಮಿಷನ್ನಿನ ಸದ್ದು. ಗುಂಡಿಯಮ್ಮ ಬುಟ್ಟಿ ಎತ್ತಿಕೊಂಡಳು. ಕಂಟ್ರಾಕ್ಟರಿನ ಹೊಸ ಮನೆಯಲ್ಲಿ ಹತ್ತು ಗಂಟೆಗೆ ಕೆಲಸವಿತ್ತು. ಗಂಡ ಆಗಲೇ ಏಣಿಯನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು.